ಗುಜ್ಜೆಗೆ ಗುಜ್ಜೆ ಎಂದೇ ಹೇಳು

ಕಳೆದ ಲೆಂಟ್ ಕಾಲದ, ಅಂದರೆ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳ, ಒಂದು ಬುಧವಾರ ಸಂಜೆ ನಮ್ಮ ಕ್ರೈಸ್ತ ಸಭೆಯ ಮನೆಕೂಟ ಮಾಮಿಯ ಮನೆಯಲ್ಲಿತ್ತು. ರಕ್ತಸಂಬಂಧದ ಮಾಮಿ ಅಲ್ಲ. ಅಮ್ಮನ ಜೊತೆ ಸಂಡೇ ಸ್ಕೂಲಿನಲ್ಲಿ ಕಲಿಸಿದವರು, ಹಾಗಾಗಿ ನಮಗೆಲ್ಲ ಮಾಮಿ. ಅವರ ಗಂಡನಿಗೆ ಸ್ಟ್ರೋಕ್ ಆಗಿ ಎರಡು ವರ್ಷವಾಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಒಳಕೋಣೆಯ ಮಂಚದಲ್ಲಿ ಮಲಗಿಕೊಂಡೇ ಅವರು ನಮ್ಮ ಹಾಡು ಕೇಳುತ್ತಿದ್ದರು. ಜನ ಬರುತ್ತಾರೆಂದು ಮಾಮಿ ಬೀಡಿ ಕಟ್ಟುವ ಮೊರವನ್ನು ಎತ್ತಿ ಕಪಾಟಿನ ಹಿಂದೆ ಇಟ್ಟಿದ್ದರು, ಆದರೆ ಹೊಗೆಸೊಪ್ಪಿನ ವಾಸನೆಯನ್ನು ಎಲ್ಲಿಡುವುದು? ಅದು ಚಾಪೆಯಲ್ಲಿ, ಪರದೆಯಲ್ಲಿ, ನಮಗೆ ಕೊಟ್ಟ ಚಹಾದ ಲೋಟದಲ್ಲೂ ಇತ್ತು. ಕೂಟ ನಡೆಸಿದವರು ಚಿಕ್ಕ ಪ್ರಾಯದವರು, ಮನಸ್ಸು ಒಳ್ಳೆಯದು, ಯಾರಿಗೆ ಆಸ್ಪತ್ರೆಯಲ್ಲಿ ರಾತ್ರಿ ಜೊತೆಗೆ ಜನ ಬೇಕಾದರೂ ಮೊದಲು ಹೊರಡುವವರು. ಬೈಬಲಿನಿಂದ, ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ ಓದಿದರು. ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ. ಆಮೇಲೆ ಪುಸ್ತಕ ಮುಚ್ಚಿ, ಮಾಮಿಯ ಕಡೆ ತಿರುಗಿ, "ಮಾಮಿ, ಇಂಥ ಕಷ್ಟದಲ್ಲೂ ಸಂತೋಷವಾಗಿರಬೇಕು. ಅದೇ ನಮ್ಮ ಸಾಕ್ಷಿ" ಅಂದರು. ನಾವೆಲ್ಲ ಆಮೆನ್ ಅಂದೆವು. ನಾನೂ ಅಂದೆ.

ಮಾಮಿ ಆಮೆನ್ ಅನ್ನಲಿಲ್ಲ. ಅವರು ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡ ಹೊಗೆಸೊಪ್ಪಿನ ಒಂದು ಚೂರನ್ನು ಎಡಗೈ ಉಗುರಿನಿಂದ ಮೆಲ್ಲಗೆ ತೆಗೆಯುತ್ತಿದ್ದರು. ಅದು ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಬೀಡಿ ಕಟ್ಟಿದವರ ಉಗುರಿನ ಬುಡದಲ್ಲಿ ಒಂದು ಕಂದು ಗೆರೆ ನಿಂತುಬಿಡುತ್ತದೆ, ಸಾಬೂನಿಗೆ ಹೋಗುವಂಥದ್ದಲ್ಲ. ಪ್ರಾರ್ಥನೆ ಮುಗಿಯುವವರೆಗೂ ಅವರು ಅದನ್ನೇ ಕೆರೆಯುತ್ತಿದ್ದರು.

ಮನೆಗೆ ಬಂದ ಮೇಲೂ ನನಗೆ ಆ ಹೆಬ್ಬೆರಳೇ ಕಣ್ಣ ಮುಂದೆ. ಓದಿದ ವಾಕ್ಯ ಸುಳ್ಳಲ್ಲ. ಓದಿದವರು ಕಪಟಿಯಲ್ಲ. ಆದರೂ ಏನೋ ತಪ್ಪಿತ್ತು. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದವರು. ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಬೆಂದದ್ದು ಯಾವುದು ಬೇಯದ್ದು ಯಾವುದು ಎಂದು ಹೇಳುತ್ತಿದ್ದರು. ಚೆನ್ನಾಗಿ ಬೆಂದ ಹಂಚು ಕಣ್ ಎನ್ನುತ್ತದೆ. ಬೇಯದ್ದು ಮಂದವಾಗಿ, ಹಸಿ ಮರಕ್ಕೆ ಬಡಿದ ಹಾಗೆ. ಅವತ್ತಿನ ನಮ್ಮ ಆಮೆನ್ ಬೇಯದ ಹಂಚಿನ ಸದ್ದು ಮಾಡಿತ್ತು.

ಕಾರ್ಖಾನೆಯ ಬೀಗ

ನಮ್ಮ ಕಡೆಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಹಂಚಿನ ಕಾರ್ಖಾನೆ ಎಂದರೆ ಕೆಲಸದ ಜಾಗ ಮಾತ್ರ ಆಗಿರಲಿಲ್ಲ. 1834ರಲ್ಲಿ ಬಾಸೆಲ್ ಮಿಶನ್ ಎಂಬ ಯುರೋಪಿನ ಕ್ರೈಸ್ತ ಸಂಸ್ಥೆಯ ಮೂವರು ಮಂಗಳೂರಿಗೆ ಬಂದಿಳಿದ ಮೇಲೆ ದೀಕ್ಷಾಸ್ನಾನ ಪಡೆದವರಿಗೆ ಮೊದಲು ಸಿಕ್ಕಿದ್ದು ಬಹಿಷ್ಕಾರ. ಮನೆಯಲ್ಲಿ ಪಾಲಿಲ್ಲ, ಹಿರಿಯರ ಕಸುಬಿಲ್ಲ, ಬಾವಿಯ ನೀರಿಲ್ಲ. ಅವರ ಹೊಟ್ಟೆಗೊಂದು ದಾರಿ ಆಗಬೇಕು ಎಂದು ಮಿಶನ್ ನೇಯ್ಗೆ ಶುರು ಮಾಡಿತು, 1841ರಲ್ಲಿ ಅಚ್ಚುಕೂಟ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿಯ ಕೈಯಲ್ಲಿ ಹಂಚಿನ ಕಾರ್ಖಾನೆ. ನೇತ್ರಾವತಿಯ ದಡದ ಜೇಡಿಮಣ್ಣು ಊರೂರಿನ ಮಾಡು ಹತ್ತಿತು, ಹಡಗು ಹತ್ತಿ ಸಮುದ್ರದಾಚೆಗೂ ಹೋಯಿತು. 1914ರ ಯುದ್ಧ ಬಂದು ಜರ್ಮನ್ ಮಿಶನರಿಗಳನ್ನು ಹಿಡಿದಿಟ್ಟ ಮೇಲೆ ಆ ಉದ್ಯಮ ಬೇರೆಯವರ ಕೈಗೆ ಹೋಯಿತು. ಅಷ್ಟರಲ್ಲಿ ಬೇರೆ ಬೇರೆ ಮಾಲಕರ ಕಾರ್ಖಾನೆಗಳು ಹೊಳೆಬದಿಯಲ್ಲಿ ಸಾಲಾಗಿ ಎದ್ದಿದ್ದವು. ನನ್ನ ಅಜ್ಜ ಅಂಥ ಒಂದರಲ್ಲಿ ಮಣ್ಣು ತುಳಿದವರು, ಅಪ್ಪ ಇನ್ನೊಂದರಲ್ಲಿ ಭಟ್ಟಿಗೆ ಸೌದೆ ಹಾಕಿದವರು. ಅಪ್ಪನ ಮುಂಗೈಯಲ್ಲಿ ಕೂದಲೇ ಇರಲಿಲ್ಲ, ಉರಿಯ ಝಳಕ್ಕೆ ಹೋಗಿತ್ತು.

ಊರೆಲ್ಲ ತಾರಸಿಯಾದಾಗ, ಮಣ್ಣು ಸಿಗದಾದಾಗ, ಸೌದೆ ತುಟ್ಟಿಯಾದಾಗ ಕಾರ್ಖಾನೆಗಳು ಒಂದೊಂದಾಗಿ ತಣ್ಣಗಾದವು. ಅಪ್ಪನದ್ದರಲ್ಲಿ ಮೊದಲು ವಾರಕ್ಕೆ ನಾಲ್ಕು ದಿನ ಕೆಲಸ, ಮತ್ತೆ ಎರಡು, ಮತ್ತೊಂದು ದಿನ ಗೇಟಿಗೆ ಬೀಗ. ಯಾವ ಕಾರ್ಖಾನೆ ಎಂದು ಬರೆಯುವುದಿಲ್ಲ. ಬೀಗ ಹಾಕಿದವರಿಗೂ ಅವರ ಕಷ್ಟ ಇತ್ತು ಎಂದು ಅಪ್ಪ ಕೊನೆಯವರೆಗೆ ಹೇಳುತ್ತಿದ್ದರು. ಬರಬೇಕಾದ ದುಡ್ಡು ಬರುತ್ತದೆ ಎಂದರು, ಬರಲಿಲ್ಲ. ಇದು 1991ರ ಆರಂಭ. ಆ ವರ್ಷ ಈಸ್ಟರ್ ಬೇಗ, ಮಾರ್ಚ್ 31ಕ್ಕೇ ಬಂದಿತ್ತು.

ನಮ್ಮ ಮನೆಯಲ್ಲಿ ಕ್ರಿಸ್ಮಸ್‌ಗೂ ಈಸ್ಟರ್‌ಗೂ ಕೋಳಿ ಪದಾರ್ಥ, ನೀರುದೋಸೆ. ಬೇರೆ ದಿನ ಗಂಜಿ, ಒಣಮೀನು, ಸಿಕ್ಕಿದರೆ ಬೂತಾಯಿ ಮೀನು. ಹಾಗಾಗಿ ಆ ಎರಡು ಊಟ ನಾನು ಮತ್ತು ತಮ್ಮ ವರ್ಷವಿಡೀ ಕಾಯುವ ಊಟ. ಆ ಶನಿವಾರ ಸಂಜೆಯಾದರೂ ಅಪ್ಪ ಕೋಳಿ ತರಲು ಹೊರಡಲಿಲ್ಲ. ಕತ್ತಲಾಗುವ ಹೊತ್ತಿಗೆ ಅಮ್ಮ ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯ ಹೆಂಗಸನ್ನು ಕರೆದಳು. ಅವರನ್ನು ನಾವು ಬಾಯಿ ಎಂದು ಕರೆಯುತ್ತಿದ್ದೆವು. ಬಾಯಿಯ ಹಿತ್ತಿಲ ಹಲಸಿನಲ್ಲಿ ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ, ಇನ್ನೂ ಇತ್ತು.

ಇಲ್ಲಿ ಒಂದು ಮಾತು. ಬಾಯಿಯ ಮನೆಯವರು ಕಥೋಲಿಕರು. ತಪಸ್ಸುಕಾಲದ, ಅಂದರೆ ಲೆಂಟಿನ, ಶುಕ್ರವಾರಗಳಲ್ಲಿ ಅವರು ಮಾಂಸ ಮುಟ್ಟುವುದಿಲ್ಲ, ಬಾಯಿಯಂತೂ ನಲವತ್ತು ದಿನವೂ ಬಿಡುತ್ತಿದ್ದರು. ನಮ್ಮ ಸಭೆಯಲ್ಲಿ ಹಾಗೆ ಕಟ್ಟುನಿಟ್ಟಿಲ್ಲ. ಆದರೆ ಆ ವರ್ಷ ನಾವೂ ಬಾಯಿಯ ಹಾಗೆಯೇ ಉಂಡಿದ್ದೆವು, ಈಸ್ಟರ್ ದಿನವೂ ಸೇರಿ. ಬಿಟ್ಟದ್ದು ಬೇರೆ, ಇಲ್ಲದ್ದು ಬೇರೆ. ಬಿಟ್ಟವರಿಗೆ ಎಣಿಸಲು ದಿನಗಳಿವೆ, ಮುಗಿಯುವ ಗಂಟೆ ಗೊತ್ತಿದೆ. ಇಲ್ಲದವರಿಗೆ ಕ್ಯಾಲೆಂಡರಿನಲ್ಲಿ ಅಂಥ ಕೆಂಪು ಅಕ್ಷರ ಯಾವುದೂ ಇಲ್ಲ. ಉಪವಾಸದ ಬಗ್ಗೆ ಆಳವಾಗಿ ಮಾತಾಡುವ ನಾವು ಈ ವ್ಯತ್ಯಾಸವನ್ನು ಸಾಕಷ್ಟು ಹೇಳುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಬಾಯಿಗೆ ಮಾತ್ರ ಅದು ಗೊತ್ತಿತ್ತು. ಗುಜ್ಜೆಯ ಜೊತೆ ಎರಡು ತೆಂಗಿನಕಾಯಿಯನ್ನೂ ಬೇಲಿಯ ಮೇಲಿಂದ ದಾಟಿಸಿದರು.

ಪೂರ್ತಿ ಮಸಾಲೆ

ಅಮ್ಮ ಗುಜ್ಜೆ ಕೊಯ್ದದ್ದು ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು, ಗೋಣಿಯ ಮೇಲೆ ಕೂತು, ಮುಳ್ಳಿನ ಸಿಪ್ಪೆಯನ್ನು ದಪ್ಪವಾಗಿ ಕೆತ್ತಿದಳು. ಬಿಳಿ ಮೇಣ ಬೊಟ್ಟು ಬೊಟ್ಟಾಗಿ ಬಂದು ನೂಲಿನ ಹಾಗೆ ಎಳೆಯಿತು. ನಡುವಿನ ಗೂಂಜು ತೆಗೆದು, ಕೋಳಿಯ ತುಂಡಿನಷ್ಟೇ ದೊಡ್ಡ ತುಂಡು ಮಾಡಿ, ಉಪ್ಪು ಅರಸಿನ ಹಾಕಿ ಬೇಯಲು ಇಟ್ಟಳು. ಆಮೇಲೆ ಮಸಾಲೆಯ ಡಬ್ಬಿಗಳನ್ನು ಇಳಿಸಿದಳು. ನಾನು ಹನ್ನೊಂದು ವರ್ಷದವಳು, ಮನೆಯ ಲೆಕ್ಕ ಅರ್ಥವಾಗುವ ಪ್ರಾಯ. ಬ್ಯಾಡಗಿ ಮೆಣಸು ಹತ್ತು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕು ಕಾಳು ಮೆಂತೆ, ಲವಂಗ, ಚಕ್ಕೆ, ಬೆಳ್ಳುಳ್ಳಿ, ಹುರಿದ ತೆಂಗಿನ ತುರಿ. ಕ್ರಿಸ್ಮಸ್‌ಗೆ ಹಾಕುವ ಅಳತೆಯೇ, ಒಂದು ಮೆಣಸೂ ಕಡಿಮೆ ಇಲ್ಲ.

"ಗುಜ್ಜೆಗೆ ಇಷ್ಟೆಲ್ಲ ಯಾಕಮ್ಮ? ಉಳಿಸಿದರೆ ಇನ್ನೊಂದು ಸಲಕ್ಕೆ ಆಗುತ್ತಲ್ವಾ?" ಎಂದು ಕೇಳಿದೆ.

"ಹಬ್ಬ ಅರ್ಧ ಬರುತ್ತದಾ?" ಅಂದಳು ಅಮ್ಮ. ಅಷ್ಟೇ. ಕಡೆಯುವ ಕಲ್ಲಿನ ಮುಂದೆ ಕೂತಳು. ಬಾಸೆಲ್ ಮಿಶನಿನವರು ಜರ್ಮನ್ ರಾಗಕ್ಕೆ ತುಳು ಮಾತು ಕೂಡಿಸಿದ ಗೀತಗಳು ನಮ್ಮಲ್ಲಿ ಬಹಳ ಇವೆ, ನಿಧಾನದ ರಾಗಗಳು. ಅಂಥದ್ದೊಂದನ್ನು ಗುನುಗುತ್ತಾ ಕಡೆದಳು. ರಾಗದ ಒಂದು ಸಾಲಿಗೆ ಗುಂಡುಕಲ್ಲು ಇಂತಿಷ್ಟು ಸುತ್ತು ಎಂದು ಅವಳ ಕೈಗೆ ಗೊತ್ತಿತ್ತು. ನಡುವೆ ಒಮ್ಮೆ ಹಾಡು ನಿಂತಿತು, ಕಲ್ಲು ತಿರುಗುತ್ತಲೇ ಇತ್ತು. ಕತ್ತಲೆಯಲ್ಲಿ ಅವಳ ಮುಖ ಕಾಣಲಿಲ್ಲ, ಸೆರಗಿನಿಂದ ಮೂಗು ಒರಸಿಕೊಂಡದ್ದು ಕಂಡಿತು. ಮೆಣಸಿನ ಘಾಟು ಇರಬಹುದು. ಸ್ವಲ್ಪ ಹೊತ್ತಿನ ಮೇಲೆ ಹಾಡು ಬಿಟ್ಟ ಸಾಲಿನಿಂದಲೇ ಮುಂದುವರಿಯಿತು.

ಮರುದಿನ ಮುಂಜಾನೆಯ ಆರಾಧನೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತಿದ್ದಾಗ ನನ್ನ ತರಗತಿಯ ಹುಡುಗಿಯೊಬ್ಬಳು, "ನಿಮ್ಮಲ್ಲಿ ಇವತ್ತು ಎಂತ?" ಎಂದು ಕೇಳಿದಳು. "ಕೋಳಿ" ಅಂದೆ. ನಾಲಗೆಗೆ ತಾನಾಗಿ ಬಂತು. ಅಮ್ಮ ಹಿಂದೆಯೇ ಇದ್ದಳು. ಅಲ್ಲಿ ಏನೂ ಹೇಳಲಿಲ್ಲ. ದಾರಿಯಲ್ಲಿ, ತಮ್ಮ ಮುಂದೆ ಓಡಿದ ಮೇಲೆ, ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. "ಗುಜ್ಜೆಗೆ ಗುಜ್ಜೆ ಎಂದೇ ಹೇಳು. ಇಲ್ಲದ್ದನ್ನು ಇಲ್ಲ ಎಂದರೆ ನಾಚಿಕೆ ಏನಿಲ್ಲ. ಉಂಟು ಎಂದರೆ ಮತ್ತೆ ಬೇಲಿಯ ಮೇಲಿಂದ ಯಾರೂ ಕಾಯಿ ಕೊಡುವುದಿಲ್ಲ."

ಊಟಕ್ಕೆ ಕೂತಾಗ ಪ್ರಾರ್ಥನೆ ಯಾವಾಗಲೂ ಅಪ್ಪನದ್ದು. ಅವತ್ತು ಅವರು ಬಾಯಿ ತೆರೆಯಲಿಲ್ಲ. ಅಮ್ಮ ಸ್ವಲ್ಪ ಕಾದು ತಾನೇ ಶುರು ಮಾಡಿದಳು. ಅಂಥ ಪ್ರಾರ್ಥನೆ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕಾರ್ಖಾನೆಯ ಬೀಗ ತೆಗೆದಿಲ್ಲ ಕರ್ತನೇ. ಬರಬೇಕಾದ ದುಡ್ಡು ಬಂದಿಲ್ಲ. ಅಂಗಡಿಯ ಸಾಲ ತೀರಿಲ್ಲ. ಮಕ್ಕಳ ಮುಂದಿನ ವರ್ಷದ ಫೀಸಿಗೆ ದಾರಿ ಕಂಡಿಲ್ಲ. ಕೋಳಿ ಇಲ್ಲ. ಹೀಗೆ ಒಂದೊಂದನ್ನೇ, ಅಂಗಡಿಯ ಚೀಟಿ ಓದಿದ ಹಾಗೆ, ದನಿ ಏರಿಸದೆ ಇಳಿಸದೆ. ಆಮೇಲೆ, ಬಾಯಿಯ ಗುಜ್ಜೆಗಾಗಿ, ಎರಡು ಕಾಯಿಗಾಗಿ, ನೀನು ಎದ್ದು ಬಂದದ್ದಕ್ಕಾಗಿ ಸಂತೋಷಪಡುತ್ತೇವೆ, ಆಮೆನ್.

ಅಪ್ಪ ಎದ್ದು ಹೊರಗೆ ಹೋದರು. ಬಟ್ಟಲು ಹಾಗೇ ಇತ್ತು. ಅಮ್ಮ ಅದಕ್ಕೆ ಇನ್ನೊಂದು ಬಟ್ಟಲು ಕವುಚಿ ಮುಚ್ಚಿಟ್ಟು, "ನೀವು ಉಣ್ಣಿ" ಅಂದಳು. ನಾವು ಉಂಡೆವು. ಗುಜ್ಜೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿತ್ತು, ಮಸಾಲೆ ಮೂಳೆಯವರೆಗೆ ಇಳಿದಂತೆ ಒಳಗಿನವರೆಗೆ ಇಳಿದಿತ್ತು. ಕೋಳಿಯ ಹಾಗಿತ್ತು ಎಂದು ಬರೆಯಲು ಕೈ ಬರುತ್ತಿದೆ, ಆದರೆ ಹಾಗಿರಲಿಲ್ಲ. ಗುಜ್ಜೆಯ ಹಾಗೇ ಇತ್ತು. ಬಹಳ ಚೆನ್ನಾಗಿತ್ತು. ಅಪ್ಪ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಎಲ್ಲಿ ಹೋಗಿದ್ದರೋ, ಕಾಲಿನಲ್ಲಿ ಹೊಳೆಬದಿಯ ಕೆಸರಿತ್ತು. ಯಾರ ಜೊತೆಗೂ ಮಾತಾಡದೆ ಕೂತು, ಮುಚ್ಚಿಟ್ಟದ್ದನ್ನು ಉಂಡರು. ಸಂಜೆಯ ಹೊತ್ತಿಗೆ ಇಂಥ ಪದಾರ್ಥಕ್ಕೆ ರುಚಿ ಹಿಡಿದಿರುತ್ತದೆ. ಮುಗಿದ ಮೇಲೆ ಖಾಲಿ ಬಟ್ಟಲಿನ ಅಂಚಿಗೆ ಗೆಣ್ಣಿನಿಂದ ಎರಡು ಸಲ ತಟ್ಟಿದರು, ಹಂಚಿಗೆ ತಟ್ಟುವ ಹಾಗೆ. ಅಮ್ಮ ಇನ್ನೊಂದು ಸೌಟು ಹಾಕಿದಳು.

ಆರು ಇಲ್ಲಗಳು

ಅಮ್ಮ ಆ ಪ್ರಾರ್ಥನೆಯನ್ನು ಎಲ್ಲಿಂದ ಕಲಿತಳು ಎಂಬುದು ನನಗೆ ಹೊಳೆದದ್ದು ಅವಳು ತೀರಿಕೊಂಡ ಮೇಲೆ, ಬೈಬಲಿನಲ್ಲಿ ಹಬಕ್ಕೂಕ ಎಂಬ ಪ್ರವಾದಿಯ ಪುಸ್ತಕದ ಕೊನೆ ಓದುವಾಗ. ಮೂರೇ ಅಧ್ಯಾಯದ ಸಣ್ಣ ಪುಸ್ತಕ, ಕೊನೆಯ ಅಧ್ಯಾಯ ಒಂದು ಹಾಡು. ತಂತಿವಾದ್ಯದೊಡನೆ ಹಾಡಬೇಕು ಎಂಬ ಸೂಚನೆಯೂ ಅದರ ಕೊನೆಗೆ ಇದೆ. ಆ ಹಾಡಿನಲ್ಲಿ ಪ್ರವಾದಿ ಎಣಿಸುತ್ತಾನೆ. ಅಂಜೂರ ಚಿಗುರಿಲ್ಲ. ದ್ರಾಕ್ಷಿಯ ಬಳ್ಳಿಯಲ್ಲಿ ಹಣ್ಣಿಲ್ಲ. ಆಲಿವ್ ಮರದ ಫಸಲು ಕೈಕೊಟ್ಟಿದೆ. ಹೊಲದಲ್ಲಿ ಕಾಳಿಲ್ಲ. ಹಟ್ಟಿಯಲ್ಲಿ ಕುರಿ ಇಲ್ಲ. ಕೊಟ್ಟಿಗೆಯಲ್ಲಿ ದನ ಇಲ್ಲ. ಹೀಗಿದ್ದರೂ ಕರ್ತನಲ್ಲಿ ಉಲ್ಲಾಸಿಸುವೆನು ಎನ್ನುತ್ತಾನೆ. ಸಭೆಯಲ್ಲಿ ನಾವು ಸಾಮಾನ್ಯವಾಗಿ ಆ ಕೊನೆಯ ಮಾತಿಗೆ ಓಡಿಬಿಡುತ್ತೇವೆ, ಗೋಡೆಗೆ ತೂಗುಹಾಕುವ ಫಲಕಗಳಲ್ಲೂ ಅದೇ ಇರುತ್ತದೆ. ಅದಕ್ಕೆ ಮೊದಲು ಆರು ಇಲ್ಲಗಳನ್ನು ಅವನು ಹೆಸರು ಹಿಡಿದು ಹೇಳಿದ್ದಾನೆ. ಒಟ್ಟಾರೆ ಕಷ್ಟ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು, ಮುಗಿಸಲಿಲ್ಲ. ಅವನ ಉಲ್ಲಾಸ ಕಣ್ ಎನ್ನುವುದು ಆ ಲೆಕ್ಕದಿಂದ.

ಮಾಮಿಯ ಮನೆಯಲ್ಲಿ ಆ ಸಂಜೆ ನಾವು ಒಂದು ಇಲ್ಲವನ್ನೂ ಹೇಳಿರಲಿಲ್ಲ. ಹೊಗೆಸೊಪ್ಪಿನ ಮೊರ ಕಪಾಟಿನ ಹಿಂದೆಯೇ ಇತ್ತು.

ಇನ್ನೊಂದು ವಿಷಯವೂ ನನ್ನನ್ನು ಹಿಡಿದಿದೆ. ನಮ್ಮ ಕನ್ನಡದಲ್ಲಿ "ಬನ್ನಿರಿ", "ಕೂತುಕೊಳ್ಳಿರಿ" ಎಂದರೆ ಒಬ್ಬರಿಗೂ ಸಲ್ಲುತ್ತದೆ, ಹತ್ತು ಜನಕ್ಕೂ ಸಲ್ಲುತ್ತದೆ. ಗೌರವದ "ರಿ"ಯೂ ಬಹುವಚನದ "ರಿ"ಯೂ ಒಂದೇ. ಹಾಗಾಗಿ "ಸಂತೋಷಿಸಿರಿ" ಎಂದು ಓದಿ ಹಿರಿಯರೊಬ್ಬರ ಕಡೆ ತಿರುಗಿದರೆ, ಅದು ಅವರೊಬ್ಬರಿಗೇ ಗೌರವದಿಂದ ಹೇಳಿದ ಮಾತಿನಂತೆ ಕೇಳುತ್ತದೆ. ಪೌಲ ಬರೆದ ಗ್ರೀಕಿನಲ್ಲಿ ಈ ಗೊಂದಲವಿಲ್ಲ. ಅಲ್ಲಿರುವ "ಖೈರೆತೆ" ಬಹುವಚನ. ಒಂದು ಊರಿನ ಇಡೀ ಸಭೆಗೆ ಹೇಳಿದ ಮಾತು ಅದು. ಸಂತೋಷಿಸುವ ಕೆಲಸವನ್ನು ಪೌಲ ಸಂಕಟದಲ್ಲಿದ್ದ ಒಬ್ಬ ಹೆಂಗಸಿನ ತಲೆಯ ಮೇಲೆ ಹೊರಿಸಲಿಲ್ಲ.

ಆ ಪತ್ರವನ್ನು ಪೂರ್ತಿ ಓದಿದರೆ ಇದು ಇನ್ನೂ ಸ್ಪಷ್ಟ. ಬರೆಯುವಾಗ ಪೌಲ ಬೇಡಿಯಲ್ಲಿದ್ದ. ಆ ಕಾಲದಲ್ಲಿ ಸೆರೆಯಲ್ಲಿದ್ದವರ ಊಟ ಬಟ್ಟೆ ಬಹುಮಟ್ಟಿಗೆ ಹೊರಗಿನ ಆಪ್ತರ ಪಾಲಿಗೆ ಬಿದ್ದದ್ದು. ಫಿಲಿಪ್ಪಿಯ ಸಭೆಯವರು ಎಪಫ್ರೊದೀತ ಎಂಬವನ ಕೈಯಲ್ಲಿ ಬೇಕಾದದ್ದನ್ನು ಕಟ್ಟಿಕೊಟ್ಟು ಕಳುಹಿಸಿದರು. ಬಂದವನು ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋದ, ಬದುಕಿಕೊಂಡ. ಅವನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಪೌಲ ಅದೇ ಪತ್ರದಲ್ಲಿ ಬರೆಯುತ್ತಾನೆ. ಯಾವಾಗಲೂ ಸಂತೋಷಿಸಿರಿ ಎಂದವನದೇ ಮಾತು ಇದು. ಅಂದರೆ ಅವನ ಲೆಕ್ಕದಲ್ಲಿ ದುಃಖ ಸಾಕ್ಷಿಯನ್ನು ಕೆಡಿಸುವುದಿಲ್ಲ. ತೃಪ್ತನಾಗಿರುವುದನ್ನು ತಾನು ಕಲಿತುಕೊಂಡೆ ಎನ್ನುತ್ತಾನೆ, ಹುಟ್ಟಿನಿಂದ ಬಂತು ಎನ್ನುವುದಿಲ್ಲ. ಆಮೇಲೆ, ಆದರೂ ನೀವು ನನ್ನ ಸಂಕಟದಲ್ಲಿ ಪಾಲುಗಾರರಾದದ್ದು ಒಳ್ಳೆಯದೇ ಆಯಿತು ಎನ್ನುತ್ತಾನೆ. ಈ ಮಾತು ಓದುವಾಗೆಲ್ಲ ನನಗೆ ಬೇಲಿಯ ಮೇಲಿಂದ ಬಂದ ಎರಡು ಕಾಯಿ ನೆನಪಾಗುತ್ತದೆ. ನಮ್ಮ ಮನೆಯ ಆ ಈಸ್ಟರಿನ ಸಂತೋಷದಲ್ಲಿ ಅಮ್ಮನ ನಂಬಿಕೆ ಎಷ್ಟಿತ್ತೋ ಬಾಯಿಯ ತೆಂಗಿನಮರವೂ ಅಷ್ಟೇ ಇತ್ತು. ಅಪ್ಪ ಅವತ್ತು ಮಧ್ಯಾಹ್ನ ಸಂತೋಷಪಡಲಿಲ್ಲ. ಅವರ ಪಾಲನ್ನು ಮುಚ್ಚಿಟ್ಟು ಕಾದವರು ಇದ್ದರು.

ಮಾಮಿಯ ಅಡುಗೆಮನೆ

ಎರಡು ವಾರ ಕಳೆದು, ಸಂತೆಯಲ್ಲಿ ಒಂದು ಒಳ್ಳೆಯ ಗುಜ್ಜೆ ಸಿಕ್ಕಿತು. ನಾನಿರುವುದು ಫ್ಲಾಟಿನಲ್ಲಿ, ಅಮ್ಮನ ಕಡೆಯುವ ಕಲ್ಲನ್ನು ಮೇಲೆ ತರಲಾಗದೆ ಹಳೆಮನೆ ಮಾರುವಾಗ ಅಲ್ಲೇ ಬಿಟ್ಟೆವು. ಮಿಕ್ಸಿಯಲ್ಲೇ ಕಡೆದೆ. ಮೆಣಸು ಹತ್ತು, ಮಿಕ್ಕದ್ದೆಲ್ಲ ಅಮ್ಮನ ಅಳತೆ. ಬುತ್ತಿಯಲ್ಲಿ ತುಂಬಿಸಿಕೊಂಡು ಮಧ್ಯಾಹ್ನ ಮಾಮಿಯ ಮನೆಗೆ ಹೋದೆ. ಮೊರ ಈ ಸಲ ಮಡಿಲಲ್ಲೇ ಇತ್ತು, ಕತ್ತರಿಸಿದ ಎಲೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು.

"ಎಂತ ತಂದದ್ದು?"

"ಗುಜ್ಜೆ, ಮಾಮಿ."

"ಕೋಳಿ ಅಲ್ವಾ?"

"ಅಲ್ಲ. ಗುಜ್ಜೆ."

ಕೂತು ಮಾತಾಡಿದೆವು. ನಾನೇ ಕೇಳಿದೆ, ಮಾಮಿ ಏನೇನು ಇಲ್ಲ ಹೇಳಿ ಎಂದು. ಅವರು ಮೊದಲು ನನ್ನ ಮುಖ ನೋಡಿದರು. ಆಮೇಲೆ ಎಣಿಸಿದರು, ಬೀಡಿ ಕಟ್ಟುತ್ತಲೇ, ಒಂದೊಂದು ಬೀಡಿಗೆ ನೂಲು ಸುತ್ತಿ ಮೊರಕ್ಕೆ ಹಾಕುವಾಗ ಒಂದೊಂದು. ರಾತ್ರಿ ಪೂರ್ತಿ ನಿದ್ದೆ ಇಲ್ಲ. ಅವರನ್ನು ಹೊರಳಿಸಲು ಕೈಯಲ್ಲಿ ಬಲ ಇಲ್ಲ. ಬೀಡಿ ಬ್ರಾಂಚಿನಲ್ಲಿ ಮೊದಲಿನ ಹಾಗೆ ಎಲೆ ಕೊಡುವುದಿಲ್ಲ. ದೂರದಲ್ಲಿರುವ ಮಗನ ಫೋನು ಇಲ್ಲ. ನಲವತ್ತು ವರ್ಷ ಹೆಸರು ಹಿಡಿದು ಕರೆದ ಮನುಷ್ಯನ ಬಾಯಲ್ಲಿ ಈಗ ತನ್ನ ಹೆಸರಿಲ್ಲ. ಇದನ್ನು ಹೇಳುವಾಗ ನೂಲು ತುಂಡಾಯಿತು. ನಾನು ಯಾವ ವಾಕ್ಯವನ್ನೂ ಹೇಳಲಿಲ್ಲ. ನಾಳೆಯಿಂದ ವಾರಕ್ಕೆ ಎರಡು ಮಧ್ಯಾಹ್ನ ಬರುತ್ತೇನೆ, ಹೊರಳಿಸಲು ಇನ್ನೊಂದು ಜೊತೆ ಕೈ ಇರುತ್ತದೆ ಎಂದೆ. ಮನೆಕೂಟ ನಡೆಸುವವರಿಗೂ ಹೇಳಿದ್ದೇನೆ, ಅವರು ಶನಿವಾರ ಬರುತ್ತಾರೆ.

ಮಾಮಿ ಎದ್ದು, ಕೈ ತೊಳೆದು, ಬುತ್ತಿಯ ಮುಚ್ಚಳ ತೆಗೆದರು. ಒಂದು ತುಂಡನ್ನು ಬೆರಳಿನಲ್ಲಿ ಚೆನ್ನಾಗಿ ಮಿದ್ದು ಒಳಗೆ ಗಂಡನ ಬಾಯಿಗಿಟ್ಟರು, ಅವರು ನುಂಗುವವರೆಗೆ ಗಂಟಲಿನ ಮೇಲೆ ಕಣ್ಣಿಟ್ಟು ನಿಂತರು. ಅವರು ಇನ್ನೊಮ್ಮೆ ಬಾಯಿ ತೆರೆದರು. ಮಾಮಿ ಇನ್ನೊಂದು ತುಂಡು ಮಿದ್ದರು. ಆಮೇಲೆ ತಾವು ಬೆರಳು ನೆಕ್ಕಿ, ಸ್ವಲ್ಪ ಹೊತ್ತು ನಾಲಗೆಯಲ್ಲಿ ಇಟ್ಟುಕೊಂಡು, ನನ್ನ ಕಡೆ ತಿರುಗಿದರು.

"ಮಿಕ್ಸಿಯದ್ದಾ?"

"ಹೌದು ಮಾಮಿ."

"ನಿನ್ನ ಅಮ್ಮ ಆಗಿದ್ದರೆ ಇಷ್ಟು ತರಿ ಬಿಡುತ್ತಿರಲಿಲ್ಲ. ಮುಂದಿನ ಸಲ ಮಸಾಲೆ ಹುರಿದು ಇಲ್ಲಿಗೇ ತಾ. ಹಿತ್ತಿಲಲ್ಲಿ ಕಲ್ಲು ಉಂಟು."